ಕಚೇರಿಯಿಂದ ಭಜನೆಗೆ: ಮಾನಸಿಕ ಆಸ್ಪತ್ರೆಗಳಲ್ಲಿ ಸಂಗೀತದ ಕಥೆ

ಅಮೆರಿಕದಲ್ಲಿರೋ ನೆಂಟರ ಮಕ್ಕಳ ಗ್ರಾಜುಯೇಶನ್ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಬರತ್ತಲ್ಲ, ಕರಿ ಗೌನು ಹಾಕ್ಕೊಂಡು ಹುಡುಗ್ರು ಸಾಲಾಗಿ ನಿಧಾನಕ್ಕೆ ನಡ್ಕೊಂಡ್ ಬರ್ತಿರ್ತಾರೆ, ಹಿಂದೆ ಬ್ಯಾಂಡ್‌ನೋರು ಗಂಭೀರವಾಗಿ ಒಂದು ಮಾರ್ಚ್ ನುಡಿಸ್ತಿರ್ತಾರೆ, ಆ ಟ್ಯೂನ್ ಬರ್ದೋರು ಎಡ್ವರ್ಡ್ ಎಲ್ಗರ್. ಇಂಗ್ಲೆಂಡಿನವ್ರು, ಆಮೇಲೆ ಸರ್ ಅನ್ನೋ ಬಿರುದೂ ಸಿಕ್ತು. ಆದ್ರೆ ಇಪ್ಪತ್ತೆರಡರ ಆಸುಪಾಸಲ್ಲಿ ಇವ್ರು ಸೇರ್ಕೊಂಡ ಕೆಲಸ ಯಾವ್ದು ಗೊತ್ತಾ, ಒಂದು ಹುಚ್ಚಾಸ್ಪತ್ರೆಯ ಬ್ಯಾಂಡ್ ಮಾಸ್ಟರ್.

(ಹುಚ್ಚಾಸ್ಪತ್ರೆ ಅನ್ನೋ ಪದ ಈಗ ಯಾರೂ ಬಳಸ್ಬಾರ್ದು, ನಾನೂ ಒಪ್ತೀನಿ. ಆದ್ರೆ ಆಗ ಗೇಟಿನ ಬೋರ್ಡ್ ಮೇಲೇ ಲೂನಾಟಿಕ್ ಅಸೈಲಂ ಅಂತ ಬರೆದಿರ್ತಿದ್ರು, ಅದನ್ನ ಮಾನಸಿಕ ಆಸ್ಪತ್ರೆ ಅಂತ ನಯ ಮಾಡಿ ಹೇಳಿದ್ರೆ ಆ ಕಾಲ ಹೆಂಗಿತ್ತು ಅನ್ನೋದೇ ಮರೆಯಾಗತ್ತೆ. ಹಳೇ ಕಾಲಕ್ಕೆ ಹಳೇ ಪದ, ಇವತ್ತಿನದಕ್ಕೆ ಇವತ್ತಿನ ಪದ.)

ವೂಸ್ಟರ್ ಅನ್ನೋ ಊರಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಪೋಯಿಕ್ ಅಂತ ಒಂದು ಹಳ್ಳಿ, ಅಲ್ಲಿ 1852ರಲ್ಲಿ ಶುರುವಾದ ಅಸೈಲಂ. ಎಲ್ಗರ್ 1879ರಿಂದ 1884ರ ತನಕ ಐದು ವರ್ಷ ಅಲ್ಲಿಗೆ ವಾರಕ್ಕೊಂದಿನ ಹೋಗ್ತಿದ್ರು. ವರ್ಷಕ್ಕೆ ಸುಮಾರು 30 ಪೌಂಡ್ ಸಂಬಳ, ಹೊಸದಾಗಿ ಒಂದು ಪೋಲ್ಕಾನೋ ಕ್ವಾಡ್ರಿಲ್ಲೋ ಬರ್ದು ಕೊಟ್ರೆ ಒಂದೊಂದಕ್ಕೆ 5 ಶಿಲ್ಲಿಂಗ್ ಎಕ್ಸ್‌ಟ್ರಾ. ಇವೆರಡೂ ಆಗಿನ ಡಾನ್ಸ್‌ಗಳು, ಪೋಲ್ಕಾ ಅಂದ್ರೆ ಜೋಡಿ ಜೋಡಿಯಾಗಿ ಕುಣಿಯೋದು, ಕ್ವಾಡ್ರಿಲ್ ಅಂದ್ರೆ ನಾಲ್ಕು ಜೋಡಿ ಚೌಕಾಕಾರದಲ್ಲಿ ನಿಂತು ಹೆಜ್ಜೆ ಹಾಕೋದು. ಬ್ಯಾಂಡಲ್ಲಿ ಯಾರಿದ್ರು ಅಂದ್ರೆ ಆಸ್ಪತ್ರೆ ಸಿಬ್ಬಂದಿನೇ, ಬೆಳಗ್ಗೆ ವಾರ್ಡಲ್ಲಿ ಪೇಷಂಟ್‌ಗಳನ್ನ ನೋಡ್ಕೊಳ್ಳೋ ಅಟೆಂಡರ್‌ಗಳು ಸಂಜೆ ವಾದ್ಯ ಹಿಡ್ಕೊಂಡು ಕೂರ್ತಿದ್ರು. ಯಾರಿಗೆ ಏನು ಬರತ್ತೋ ಅದೇ ಬ್ಯಾಂಡ್, ಹಾಗಾಗಿ ಒಂದು ಪಿಕೊಲೊ, ಒಂದು ಫ್ಲೂಟು, ಒಂದು ಕ್ಲಾರಿನೆಟ್, ಎರಡು ಕಾರ್ನೆಟ್, ಒಂದು ಯೂಫೋನಿಯಂ, ಆರೇಳು ಪಿಟೀಲು, ಆಗಾಗ ಒಂದು ವಯೋಲ, ಚೆಲ್ಲೊ, ಡಬಲ್ ಬೇಸ್, ಜೊತೆಗೊಂದು ಪಿಯಾನೊ. ಇಂಥ ವಿಚಿತ್ರ ಮಿಶ್ರಣಕ್ಕೆ ಅಂಗಡೀಲಿ ರೆಡಿಮೇಡ್ ಮ್ಯೂಸಿಕ್ ಸಿಗಲ್ಲ, ಅವ್ರೇ ಕೂತು ಬರೀಬೇಕಿತ್ತು. ಎಲ್ಗರ್ ಯಾವ ಸಂಗೀತ ಕಾಲೇಜಲ್ಲೂ ಕಂಪೋಸಿಶನ್ ಕಲ್ತೋರಲ್ಲ, ಅಪ್ಪ ಪಿಯಾನೊ ಟ್ಯೂನ್ ಮಾಡ್ತಿದ್ರು, ಮ್ಯೂಸಿಕ್ ಅಂಗಡಿ ಇಟ್ಕೊಂಡಿದ್ರು, ಅಷ್ಟೇ. ಯಾವ ವಾದ್ಯದ ಜೊತೆ ಯಾವ್ದು ಹೊಂದತ್ತೆ, ಯಾವ್ದನ್ನ ಯಾವ್ದು ನುಂಗಿ ಹಾಕತ್ತೆ ಅಂತ ವಾರವಾರ ಕೈಯಾರೆ ಪ್ರಯೋಗ ಮಾಡಿ ನೋಡೋಕೆ ಅವರಿಗೆ ಸಿಕ್ಕ ಜಾಗ ಆ ಅಸೈಲಂ.

ಎಲ್ಗರ್‌ಗೇನೋ ಲಾಭ ಆಯ್ತು ಬಿಡಿ. ಪೇಷಂಟ್‌ಗಳಿಗೆ? ಒಂದು ಸರ್ಕಾರಿ ಆಸ್ಪತ್ರೆ ದುಡ್ಡು ಕೊಟ್ಟು ಬ್ಯಾಂಡ್ ಮಾಸ್ಟರ್‌ನ ಇಟ್ಕೊಂಡಿತ್ತು ಅಂದ್ರೆ ಅದರ ಹಿಂದೆ ಏನೋ ಲೆಕ್ಕಾಚಾರ ಇರ್ಬೇಕಲ್ವಾ? ಇದನ್ನ ಹುಡುಕ್ತಾ ಹೋದ್ರೆ ನನಗೆ ಕಾಣ್ಸಿದ್ದು ಇಷ್ಟು. ನಮ್ಮಲ್ಲಿ ಕಚೇರಿ ಬೇರೆ, ಭಜನೆ ಬೇರೆ. ಕಚೇರೀಲಿ ವೇದಿಕೆ ಮೇಲಿನವ್ರು ಹಾಡ್ತಾರೆ ನಾವು ಕೇಳ್ತೀವಿ, ಭಜನೇಲಿ ಎಲ್ಲರ ಕೈಯಲ್ಲೂ ತಾಳ, ಶ್ರುತಿ ತಪ್ಪಿದ್ರೂ ಯಾರೂ ಎಬ್ಬಿಸಿ ಕಳ್ಸಲ್ಲ. ಮಾನಸಿಕ ಆಸ್ಪತ್ರೆಗಳಲ್ಲಿ ಸಂಗೀತ ನೂರಾರು ವರ್ಷ ಕಚೇರಿಯಾಗಿತ್ತು, ಅದು ಭಜನೆ ಆಗೋಕೆ ಇಪ್ಪತ್ತನೇ ಶತಮಾನ ಅರ್ಧ ಕಳೀಬೇಕಾಯ್ತು.

ವಾಟ್ಸಾಪಲ್ಲಿ ನಿಮಗೂ ಬಂದಿರತ್ತೆ, ಈ ರಾಗ ಕೇಳಿದ್ರೆ ಬಿಪಿ ಇಳಿಯತ್ತೆ, ಆ ರಾಗ ಕೇಳಿದ್ರೆ ಖಿನ್ನತೆ ಹೋಗತ್ತೆ, ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ ಅಂತ. ಇದು ನಮ್ಮೋರ ಐಡಿಯಾ ಮಾತ್ರ ಅಲ್ಲ. ಅರಬ್, ಟರ್ಕಿ ಕಡೆ ನಮ್ಮ ರಾಗದ ಥರದ್ದೇ ಮಕಾಮ್ ಅಂತಿದೆ, ಯಾವ ಮಕಾಮ್ ಯಾವ ಕಾಯಿಲೆಗೆ, ದಿನದ ಯಾವ ಹೊತ್ತಿಗೆ ಅಂತ ಅಲ್ಲಿನ ವೈದ್ಯರೂ ಪಟ್ಟಿ ಮಾಡಿಟ್ಟಿದ್ರು. ಪಟ್ಟಿ ಮಾಡೋದೇನು, ಯಾರು ಬೇಕಾದ್ರೂ ಮಾಡ್ತಾರೆ. ಅವರು ಅದಕ್ಕೆ ಅಂತಲೇ ಕಟ್ಟಡ ಕಟ್ಟಿದ್ರು, ಅದು ದೊಡ್ಡ ವಿಷಯ.

ಟರ್ಕಿಯ ಎಡಿರ್ನೆ ಊರಲ್ಲಿ ಸುಲ್ತಾನ್ ಎರಡನೇ ಬಾಯಜೀದ್ 1484ರಿಂದ 1488ರ ಒಳಗೆ ಒಂದು ದೊಡ್ಡ ಸಂಕೀರ್ಣ ಕಟ್ಸಿದ, ಮಸೀದಿ, ವೈದ್ಯಕೀಯ ಶಾಲೆ, ಆಸ್ಪತ್ರೆ ಎಲ್ಲ ಒಂದೇ ಕಡೆ. ಆಸ್ಪತ್ರೆಯ ಮುಖ್ಯ ಭಾಗ ಒಂದು ಆರು ಮೂಲೆಯ ಹಾಲು, ಮೇಲೆ ಗುಮ್ಮಟ, ನಡುವೆ ಕಾರಂಜಿ, ಸುತ್ತ ರೋಗಿಗಳ ಕೋಣೆ. ಗುಮ್ಮಟದ ಕೆಳಗೆ ನುಡಿಸಿದ್ದು ಸುತ್ತಲಿನ ಎಲ್ಲ ಕೋಣೆಗೂ ಹರಿಯತ್ತೆ, ಅದರ ಜೊತೆ ನೀರಿನ ಸದ್ದು ಬೇರೆ. ಹದಿನೇಳನೇ ಶತಮಾನದಲ್ಲಿ ಎವ್ಲಿಯಾ ಚೆಲೆಬಿ ಅನ್ನೋ ಪ್ರವಾಸಿ ಅಲ್ಲಿಗೆ ಹೋಗಿ ಬರ್ದಿದಾನೆ, ಹಾಡೋರು ನುಡಿಸೋರು ಸೇರಿ ಹತ್ತು ಜನರನ್ನ ನೇಮಿಸಿದ್ರು, ವಾರಕ್ಕೆ ಮೂರು ಸಲ ಬಂದು ರೋಗಿಗಳಿಗೂ ಮನಸ್ಸು ಕೆಟ್ಟವರಿಗೂ ನುಡಿಸ್ತಿದ್ರು, ಕೊಳಲಿನ ಥರದ ನೇ, ಔದ್, ಸಂತೂರ್ ಎಲ್ಲ ಇತ್ತು ಅಂತ. ಚೆಲೆಬಿ ಸ್ವಲ್ಪ ಮಸಾಲೆ ಹಾಕಿ ಹೇಳೋ ಆಸಾಮಿ, ಅವನು ಕೊಟ್ಟ ಲೆಕ್ಕನೆಲ್ಲ ಕಣ್ಮುಚ್ಕೊಂಡು ನಂಬೋ ಹಾಗಿಲ್ಲ, ಆದ್ರೆ ಕಟ್ಟಡ ಇವತ್ತಿಗೂ ನಿಂತಿದೆ, ಈಗ ಆರೋಗ್ಯ ಮ್ಯೂಸಿಯಂ ಆಗಿದೆ, 2004ರಲ್ಲಿ ಯುರೋಪಿನ ದೊಡ್ಡ ಮ್ಯೂಸಿಯಂ ಪ್ರಶಸ್ತಿನೂ ತಗೊಂಡಿದೆ. ಇದಕ್ಕೂ ಮುಂಚೆ ಡಮಾಸ್ಕಸ್, ಕೈರೋ, ಅಲೆಪ್ಪೊಗಳಲ್ಲಿ ಬೀಮಾರಿಸ್ತಾನ್ ಅನ್ನೋ ಆಸ್ಪತ್ರೆಗಳಿದ್ವು. ಬೀಮಾರ್ ಅಂದ್ರೆ ಕಾಯಿಲೆಯವ್ರು, ನಮ್ಮ ಬಾಯಲ್ಲೂ ಬೇಮಾರಿ ಅಂತ ಓಡಾಡೋ ಅದೇ ಪದ.

ಅದೇ ಕಾಲದ ಯುರೋಪಲ್ಲಿ ಹುಚ್ಚು ಅಂದ್ರೆ ಬಹುಪಾಲು ಸರಪಳಿ, ಹುಲ್ಲಿನ ಹಾಸಿಗೆ. ಸಂಗೀತದ ಚಿಕಿತ್ಸೆ ಏನಿದ್ರೂ ರಾಜರಿಗೆ. ಸ್ಪೇನಿನ ರಾಜ ಐದನೇ ಫಿಲಿಪ್ ಹಾಸಿಗೆ ಬಿಟ್ಟು ಏಳ್ತಾ ಇರ್ಲಿಲ್ಲ, ಸ್ನಾನ ಇಲ್ಲ, ರಾಜ್ಯದ ಕೆಲಸ ಇಲ್ಲ, ಆಗ ರಾಣಿ 1737ರಲ್ಲಿ ಆ ಕಾಲದ ಅತೀ ದೊಡ್ಡ ಗಾಯಕ ಫಾರಿನೆಲ್ಲಿಯನ್ನ ಮ್ಯಾಡ್ರಿಡ್‌ಗೆ ಕರೆಸ್ಕೊಂಡ್ಳು. ಫಾರಿನೆಲ್ಲಿ ಆಮೇಲೆ ಯಾವ ಸಾರ್ವಜನಿಕ ವೇದಿಕೆಗೂ ಹತ್ತಲಿಲ್ಲ, 1746ರಲ್ಲಿ ರಾಜ ಸಾಯೋವರೆಗೂ ಆ ಒಬ್ಬನಿಗೋಸ್ಕರ ರಾತ್ರಿ ರಾತ್ರಿ ಹಾಡ್ದ. ರಾಜ ಸ್ವಲ್ಪ ಎದ್ದು ಓಡಾಡಿದ, ಪೂರ್ತಿ ಸರಿಯಾಗ್ಲಿಲ್ಲ. ಇನ್ನು ಜರ್ಮನಿಯ ರೈಲ್ ಅನ್ನೋ ಡಾಕ್ಟರು, ಸೈಕಿಯಾಟ್ರಿ ಅನ್ನೋ ಪದ ಹುಟ್ಟಿಸಿದ್ದೇ ಇವ್ರು, 1803ರ ಪುಸ್ತಕದಲ್ಲಿ ಒಂದು ಬೆಕ್ಕಿನ ಪಿಯಾನೊ ವರ್ಣಿಸ್ತಾರೆ. ಸಾಲಾಗಿ ಬೆಕ್ಕು ಕೂರ್ಸಿ ಕೀ ಒತ್ತಿದಾಗೆಲ್ಲ ಅದರ ಬಾಲಕ್ಕೆ ಚುಚ್ಚೋದು, ಯಾವ್ದರ ಮೇಲೂ ಗಮನ ನಿಲ್ಲದ ರೋಗಿಗೆ ಆ ಕಿರುಚಾಟ ಕೇಳಿಸಿದ್ರೆ ತಟ್ಟನೆ ಎಚ್ಚರ ಆಗ್ತಾನೆ ಅಂತ. ಬೆಕ್ಕಿನ ಗತಿ ಬಗ್ಗೆ ಡಾಕ್ಟರು ಅಷ್ಟು ತಲೆ ಕೆಡಿಸ್ಕೊಂಡ ಹಾಗಿಲ್ಲ.

ನಿಜವಾದ ತಿರುವು ಬಂದಿದ್ದು 1790ರ ದಶಕದಲ್ಲಿ. ಪ್ಯಾರಿಸ್ಸಲ್ಲಿ ಪಿನೆಲ್ ಅನ್ನೋ ವೈದ್ಯರು, ಇಂಗ್ಲೆಂಡಿನ ಯಾರ್ಕಲ್ಲಿ ಟ್ಯೂಕ್ ಅನ್ನೋ ವ್ಯಾಪಾರಿ, ಕ್ವೇಕರ್ ಅನ್ನೋ ಕ್ರೈಸ್ತ ಪಂಥದವ್ರು, ಇಬ್ರೂ ಬೇರೆ ಬೇರೆ ದಾರೀಲಿ ಒಂದೇ ಮಾತಿಗೆ ಬಂದ್ರು, ಇವರನ್ನ ಕಟ್ಟಿ ಹಾಕೋದು ಬಿಟ್ಟು ಮನುಷ್ಯರ ಥರ ನಡೆಸ್ಕೊಳ್ಳೋಣ, ಕೆಲಸ ಕೊಡೋಣ, ದಿನಕ್ಕೊಂದು ಕ್ರಮ ಕೊಡೋಣ ಅಂತ. ಇದಕ್ಕೆ ಮಾರಲ್ ಟ್ರೀಟ್‌ಮೆಂಟ್ ಅಂತ ಹೆಸರು. ಮಾರಲ್ ಅಂದ ತಕ್ಷಣ ನೀತಿಪಾಠ ಅನ್ಕೋಬೇಡಿ, ಆ ಕಾಲದ ಭಾಷೇಲಿ ಅದು ಮನಸ್ಸಿಗೆ ಸಂಬಂಧಪಟ್ಟಿದ್ದು ಅಂತ, ಅಂದ್ರೆ ಔಷಧಿ ರಕ್ತ ತೆಗೆಯೋದು ಇವೆಲ್ಲ ಬಿಟ್ಟು ಮನಸ್ಸಿನ ಮೂಲಕ ಚಿಕಿತ್ಸೆ. ಒಂದು ತಮಾಷೆ ಅಂದ್ರೆ ಟ್ಯೂಕ್ 1796ರಲ್ಲಿ ತೆರೆದ ಯಾರ್ಕ್ ರಿಟ್ರೀಟಲ್ಲಿ ತೋಟ, ಹೊಲಿಗೆ, ಟೀ ಪಾರ್ಟಿ ಎಲ್ಲ ಜೋರು, ಸಂಗೀತಕ್ಕೆ ಮಾತ್ರ ಜಾಗ ಇಲ್ಲ, ಯಾಕಂದ್ರೆ ಕ್ವೇಕರ್ ಪಂಥದವರಿಗೆ ಆಗ ಹಾಡು ಕುಣಿತ ಅಂದ್ರೆ ಮನಸ್ಸು ಚಂಚಲ ಮಾಡೋ ವಸ್ತು.

ಆದ್ರೆ ಬೇರೆಯವ್ರು ಸಂಗೀತನ ಕೈ ಹಿಡಿದ್ರು. ಸ್ಕಾಟ್ಲೆಂಡಿನ ಡಮ್‌ಫ್ರೀಸಲ್ಲಿ 1839ರಲ್ಲಿ ಶುರುವಾದ ಕ್ರೈಟನ್ ಆಸ್ಪತ್ರೇಲಿ ಬ್ರೌನ್ ಅನ್ನೋ ಡಾಕ್ಟರು ಪೇಷಂಟ್‌ಗಳ ಕೈಲೇ ನಾಟಕ ಆಡಿಸಿದ್ರು, ಪತ್ರಿಕೆ ಬರೆಸಿದ್ರು, ಕಚೇರಿ ಇಟ್ರು. ನನ್ನ ಪ್ರಕಾರ ಭಜನೆ ಕಡೆಗೆ ಮೊದಲ ಹೆಜ್ಜೆ ಇಲ್ಲೇ ಬಿದ್ದಿತ್ತು, ಆದ್ರೆ ಅದು ದುಡ್ಡಿದ್ದೋರೂ ಬರ್ತಿದ್ದ ಆಸ್ಪತ್ರೆ, ಕೈ ತುಂಬ ಸೌಕರ್ಯ ಇತ್ತು. 1845ರಲ್ಲಿ ಇಂಗ್ಲೆಂಡಲ್ಲಿ ಕಾನೂನು ಬಂತು, ಪ್ರತಿ ಕೌಂಟಿನೂ, ಅಂದ್ರೆ ನಮ್ಮ ಜಿಲ್ಲೆ ಥರದ್ದು, ಬಡ ರೋಗಿಗಳಿಗೆ ಅಸೈಲಂ ಕಟ್ಟಲೇಬೇಕು ಅಂತ, ಆಮೇಲೆ ಲೆಕ್ಕಾನೇ ಬದಲಾಯ್ತು. ಲಂಡನ್ನಿನ ಕೋಲ್ನಿ ಹ್ಯಾಚ್ 1851ರಲ್ಲಿ ತೆರೆದಾಗ್ಲೇ 1,250 ಜನರಿಗೆ ಅಂತ ಕಟ್ಟಿದ್ದು. ಸಾವಿರ ಜನ, ಕೈಲಿ ಕೆಲಸಕ್ಕೆ ಬರೋ ಔಷಧಿ ಇಲ್ಲ, ಸರಪಳಿ ಬಳಸೋ ಹಾಗಿಲ್ಲ. ಏನು ಮಾಡ್ತೀರಿ? ಟೈಮ್‌ಟೇಬಲ್ ಮಾಡ್ತೀರಿ. ವಾರಕ್ಕೊಂದು ಡಾನ್ಸು, ಭಾನುವಾರ ಚರ್ಚಲ್ಲಿ ಹಾಡು, ಬೇಸಿಗೇಲಿ ಹುಲ್ಲುಹಾಸಿನ ಮೇಲೆ ಬ್ಯಾಂಡು. ಹಾಗಾಗಿ ಅಟೆಂಡರ್ ಕೆಲಸದ ಜಾಹೀರಾತಲ್ಲೇ ವಾದ್ಯ ನುಡಿಸೋಕೆ ಬರೋರಿಗೆ ಆದ್ಯತೆ ಅಂತ ಹಾಕೋರು. ಪೋಯಿಕ್ ಬ್ಯಾಂಡ್ ಹುಟ್ಟಿದ್ದು ಈ ಹಿನ್ನೆಲೇಲಿ.

ಡಾನ್ಸ್ ಅಂದ್ರೆ ಅಲ್ಲಿ ಬರೀ ಮನರಂಜನೆ ಆಗಿರ್ಲಿಲ್ಲ. ವಾರವಿಡೀ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಬಾಗಿಲಿಗೆ ಬೀಗ. ಆ ಒಂದು ಸಂಜೆ ಮಾತ್ರ ಹಾಲಲ್ಲಿ ಎಲ್ಲ ಒಟ್ಟಿಗೆ, ಒಳ್ಳೆ ಬಟ್ಟೆ ಹಾಕ್ಕೊಂಡು, ಸುತ್ತ ಅಟೆಂಡರ್‌ಗಳ ಕಾವಲು. ಚೆನ್ನಾಗಿ ನಡ್ಕೊಂಡವರಿಗೆ ಮಾತ್ರ ಪ್ರವೇಶ, ಗಲಾಟೆ ಮಾಡಿದ್ರೆ ಡಾನ್ಸ್ ಕಟ್. ಅಂದ್ರೆ ಸಂಗೀತ ಅನ್ನೋದು ಬಹುಮಾನನೂ ಹೌದು, ಕಸಿದ್ಕೊಂಡ್ರೆ ಶಿಕ್ಷೆನೂ ಹೌದು. ಇನ್ನೊಂದು ಉಪಯೋಗ ಅಂದ್ರೆ ತೋರಿಸ್ಕೊಳ್ಳೋದು, ಊರಿನ ಗಣ್ಯರನ್ನ ಕರೆದು ನೋಡಿ ನಮ್ಮ ಪೇಷಂಟ್‌ಗಳು ಎಷ್ಟು ಶಿಸ್ತಾಗಿ ಕುಣೀತಾರೆ ಅಂತ. ಚಾರ್ಲ್ಸ್ ಡಿಕನ್ಸ್ 1851ರ ಡಿಸೆಂಬರ್ 26ರಂದು ಲಂಡನ್ನಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಹೋಗಿ ಇಂಥ ಕ್ರಿಸ್‌ಮಸ್ ಡಾನ್ಸ್ ನೋಡಿ ಬಂದು ಲೇಖನ ಬರೆದ್ರು, ಅದಕ್ಕೂ ಮುಂಚೆ ಅಮೆರಿಕ ಪ್ರವಾಸದಲ್ಲಿ ಬಾಸ್ಟನ್ ಅಸೈಲಂನ ಡಾನ್ಸ್ ಬಗ್ಗೆನೂ ಬರ್ದಿದ್ರು. ಮೆಚ್ಚಿಯೇ ಬರ್ದಿದಾರೆ. ಆದ್ರೆ ಅದು ನೋಡೋಕೆ ಬಂದೋರ ಕಣ್ಣು. ಕುಣಿದೋರಿಗೆ ಆ ಸಂಜೆ ಹೆಂಗನ್ನಿಸ್ತು ಅಂತ ಕೇಳಿ ಬರೆದಿಟ್ಟೋರು ತೀರಾ ಕಮ್ಮಿ, ನನಗೆ ಈ ಇಡೀ ಇತಿಹಾಸದಲ್ಲಿ ಬೇಜಾರಾಗೋ ಜಾಗ ಇದೇ.

ಹಾಗಂತ ಎಲ್ಲಾ ಬೂಟಾಟಿಕೆ ಅಂತ ತಳ್ಳಿ ಹಾಕೋಕೂ ಆಗಲ್ಲ. ಬೀಗ ಹಾಕಿದ ವಾರ್ಡಲ್ಲಿ ಆರು ದಿನ ಕೂತವರಿಗೆ ಏಳನೇ ದಿನ ಕುಣಿಯೋಕೆ ಒಂದು ಹಾಲು, ಮೈ ಮುಟ್ಟಿ ಕೈ ಹಿಡಿಯೋಕೆ ಇನ್ನೊಬ್ಬ ಮನುಷ್ಯ ಸಿಕ್ಕಿದ್ದು ಸಣ್ಣ ಮಾತಾ?

ಗುಣ ಆಗ್ತಿತ್ತಾ ಅನ್ನೋ ಪ್ರಶ್ನೆಗೆ ಆ ಕಾಲದಲ್ಲೇ ತುಂಬ ಪ್ರಾಮಾಣಿಕವಾದ ಉತ್ತರ ಕೊಟ್ಟೋರು ಪಿನೆಲ್ ಶಿಷ್ಯ ಎಸ್ಕಿರೋಲ್. ಪ್ಯಾರಿಸ್ಸಿನ ಹೆಂಗಸರ ಆಸ್ಪತ್ರೆ ಸಾಲ್ಪೆತ್ರಿಯೇರಲ್ಲಿ ಸಂಗೀತ ಕೇಳಿಸಿ, ರೋಗಿಗಳನ್ನ ಗಮನಿಸಿ ನೋಡಿದ್ರು, 1838ರ ತಮ್ಮ ದೊಡ್ಡ ಗ್ರಂಥದಲ್ಲಿ ಅದರ ಸಾರ ಬರ್ದಿದಾರೆ: ಮನಸ್ಸಿಗೆ ಸಮಾಧಾನ ಸಿಗತ್ತೆ, ಹೊತ್ತು ಹೋಗತ್ತೆ, ಚೇತರಿಸ್ಕೊಳ್ತಾ ಇರೋರಿಗೆ ಒಳ್ಳೇದು, ಆದ್ರೆ ಸಂಗೀತ ಒಂದರಿಂದ್ಲೇ ಗುಣ ಆಗತ್ತೆ ಅಂತ ಹೇಳೋಕಾಗಲ್ಲ. ಸುಮಾರು ಇನ್ನೂರು ವರ್ಷದ ಹಿಂದಿನ ಮಾತು, ವಾಟ್ಸಾಪ್ ರಾಗ ವೈದ್ಯರಿಗಿಂತ ಎಷ್ಟೋ ವಾಸಿ.

ಇಪ್ಪತ್ತನೇ ಶತಮಾನದಲ್ಲಿ ವಾರ್ಡಿಗೆ ಗ್ರಾಮಫೋನು, ರೇಡಿಯೋ ಬಂತು, ಅಟೆಂಡರ್ ಬ್ಯಾಂಡ್‌ಗಳು ಮೆಲ್ಲಗೆ ಮೂಲೆ ಸೇರಿದ್ವು. ಬದಲಾವಣೆಗೆ ಕಾರಣ ಆಗಿದ್ದು ಯುದ್ಧ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಸ್ವಯಂಸೇವಕರಾಗಿ ಬಂದು ನುಡಿಸ್ತಿದ್ರು, ಕೆಲವು ಗಾಯಾಳುಗಳು, ಮಾತೇ ಬಿಟ್ಟಿದ್ದೋರು, ಅದಕ್ಕೆ ಸ್ಪಂದಿಸೋದು ಡಾಕ್ಟರ್‌ಗಳ ಕಣ್ಣಿಗೆ ಬಿತ್ತು. ಆದ್ರೆ ಬರೀ ಚೆನ್ನಾಗಿ ಪಿಯಾನೊ ನುಡಿಸೋಕೆ ಬಂದ್ರೆ ಸಾಲದು, ಎದುರಿಗೆ ಕೂತಿರೋ ಮನುಷ್ಯ ಹಾಡು ಕೇಳ್ತಾ ಕೇಳ್ತಾ ಅಳೋಕೆ ಶುರು ಮಾಡಿದ್ರೆ ಮುಂದೇನು ಮಾಡ್ಬೇಕು ಅಂತಲೂ ಗೊತ್ತಿರ್ಬೇಕು, ಅಂದ್ರೆ ಟ್ರೈನಿಂಗ್ ಬೇಕು. 1944ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ಅನ್ನೋ ಕಾಲೇಜಲ್ಲಿ ಇದಕ್ಕೆ ಕೋರ್ಸ್ ಶುರುವಾಯ್ತು, ಆಮೇಲೆ ಕ್ಯಾನ್ಸಸ್ ಯೂನಿವರ್ಸಿಟೀಲಿ, 1950ರಲ್ಲಿ ರಾಷ್ಟ್ರಮಟ್ಟದ ಸಂಘನೇ ಆಯ್ತು. ಮ್ಯೂಸಿಕ್ ಥೆರಪಿ ಅನ್ನೋದು ಒಂದು ಕಸುಬಾಗಿದ್ದು ಹೀಗೆ.

ಅದೇ ಸಮಯಕ್ಕೆ ಮಿಶಿಗನ್ನಿನ ಎಲೋಯಿಸ್ ಅನ್ನೋ ಭಾರೀ ಆಸ್ಪತ್ರೇಲಿ ಆಲ್ಟ್‌ಶುಲರ್ ಅನ್ನೋ ಮನೋವೈದ್ಯರು ಒಂದು ವಿಷಯ ಗಮನಿಸಿದ್ರು, ಇದು ನನಗೆ ತುಂಬ ಇಷ್ಟ. ದುಃಖದಲ್ಲಿರೋರಿಗೆ ಖುಷಿ ಹಾಡು ಹಾಕ್ಬಾರ್ದು. ನಾವೆಲ್ಲ ಮಾಡೋದು ಅದನ್ನೇ ಅಲ್ವಾ, ಸಪ್ಪಗಿದೀಯ, ತಗೋ ಒಂದು ಡಾನ್ಸ್ ನಂಬರ್ ಅಂತ. ಅವ್ರು ಹೇಳಿದ್ದು, ಮೊದಲು ರೋಗಿ ಯಾವ ಮನಸ್ಥಿತೀಲಿ ಇದಾರೋ, ಯಾವ ವೇಗದಲ್ಲಿ ಇದಾರೋ ಅದಕ್ಕೆ ಸರಿಹೊಂದೋ ಸಂಗೀತದಿಂದ ಶುರು ಮಾಡಿ, ಅವರ ಜೊತೆ ಹೆಜ್ಜೆ ಸೇರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸ್ತಾ ಕರ್ಕೊಂಡು ಹೋಗಿ. ಉದ್ರಿಕ್ತರಾಗಿ ಓಡಾಡ್ತಾ ಇರೋರಿಗೆ ಜೋರು ತಾಳದಿಂದ ಶುರು ಮಾಡಿ ನಿಧಾನಕ್ಕೆ ವಿಳಂಬಕ್ಕೆ ಇಳಿಸೋದು, ಕುಗ್ಗಿ ಕೂತೋರಿಗೆ ವಿಳಂಬದಿಂದ ಮಧ್ಯಮ ಕಾಲಕ್ಕೆ ಏರಿಸೋದು. ಇದಕ್ಕೆ ಐಸೋ ತತ್ತ್ವ ಅಂತಾರೆ. ಅಳೋ ಮಗುನ ಎತ್ಕೊಂಡಿರೋ ಅಜ್ಜಿ ಮೊದಲು ಜೋರಾಗಿ ತಟ್ಟಿ ಆಮೇಲೆ ಮೆಲ್ಲ ಮೆಲ್ಲಗೆ ತಟ್ಟೋದೂ ಇದೇ ಲೆಕ್ಕ.

1952ರಲ್ಲಿ ಪ್ಯಾರಿಸ್ಸಲ್ಲಿ ಕ್ಲೋರ್‌ಪ್ರೊಮಝೈನ್ ಅನ್ನೋ ಮಾತ್ರೆ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆಗೆ ಕೆಲಸ ಮಾಡತ್ತೆ ಅಂತ ಗೊತ್ತಾಯ್ತು. ಇನ್ನು ಬ್ಯಾಂಡ್ ಯಾಕೆ ಅನ್ಬೇಕು ನೀವು. ಆಗಿದ್ದು ಉಲ್ಟಾ. ಮಾತ್ರೆ ಮುಖ್ಯವಾಗಿ ಇಳಿಸಿದ್ದು ಕಿವೀಲಿ ಕೇಳೋ ಧ್ವನಿ, ಇಲ್ಲದ್ದು ಕಾಣೋದು, ಅನುಮಾನ, ಇಂಥವನ್ನ. ಆದ್ರೆ ಈ ಕಾಯಿಲೇಲಿ ಇನ್ನೊಂದು ಮುಖ ಇದೆ, ಯಾರ ಹತ್ರನೂ ಮಾತು ಬೇಡ, ಯಾವ್ದರಲ್ಲೂ ಆಸಕ್ತಿ ಇಲ್ಲ, ಮುಖದಲ್ಲಿ ಭಾವನೇನೇ ಇಲ್ಲ. ಅದಕ್ಕೆ ಮಾತ್ರೆ ಅಷ್ಟಾಗಿ ನಾಟಲ್ಲ, ಇವತ್ತಿಗೂ. ಸಂಗೀತಕ್ಕೆ ಅಲ್ಲಿ ಕೆಲಸ ಸಿಕ್ತು.

ಲಂಡನ್ನಿನ ಹ್ಯಾನ್‌ವೆಲ್ ಅಸೈಲಂ 1831ರಷ್ಟು ಹಳೇದು, 1839ರಲ್ಲಿ ಕನೋಲಿ ಅನ್ನೋ ಡಾಕ್ಟರು ಕೈಕಾಲು ಕಟ್ಟೋ ಪದ್ಧತಿ ನಿಲ್ಲಿಸಿ ಹೆಸರಾದ ಜಾಗ. ಅದೇ ಆಮೇಲೆ ಸೇಂಟ್ ಬರ್ನಾರ್ಡ್ಸ್ ಆಸ್ಪತ್ರೆ ಆಯ್ತು, 1970ರ ದಶಕದ ಶುರುವಲ್ಲಿ ಅಲ್ಲಿ ಮೇರಿ ಪ್ರೀಸ್ಟ್‌ಲಿ ಅನ್ನೋ ಪಿಟೀಲು ವಾದಕಿ ಥೆರಪಿಸ್ಟ್ ಆಗಿದ್ರು. ಸ್ವತಃ ಮಾನಸಿಕ ಕಾಯಿಲೆ ಅನುಭವಿಸಿದೋರು. ಅವ್ರು ಮತ್ತೆ ಇಬ್ಬರು ಸಹೋದ್ಯೋಗಿಗಳು ಮಾಡಿದ ಕೆಲಸ ಏನು ಅಂದ್ರೆ ಮೊದಲು ತಮ್ಮ ತಮ್ಮಲ್ಲೇ ಪ್ರಯೋಗ ಮಾಡ್ಕೊಂಡ್ರು, ಸರದಿ ಮೇಲೆ ಒಬ್ರು ರೋಗಿ, ಒಬ್ರು ಥೆರಪಿಸ್ಟ್. ತಾನು ತಿಂದು ನೋಡಿ ಆಮೇಲೆ ಬಡಿಸೋದು ಅಂತಾರಲ್ಲ ಹಾಗೆ. ಇಲ್ಲಿ ವೇದಿಕೆ ಪೂರ್ತಿ ಮಾಯ ಆಯ್ತು. ವಾದ್ಯ ರೋಗಿ ಕೈಗೆ ಬಂತು.

ಒಂದು ಸೆಶನ್ ಹೆಂಗಿರತ್ತೆ ಅಂದ್ರೆ, ರೂಮಲ್ಲಿ ಪಿಯಾನೊ, ಡ್ರಮ್ಮು, ಝೈಲೋಫೋನು, ಗಂಟೆ, ಗಿಲಕಿ, ಸಂಗೀತ ಕಲ್ತಿರ್ಬೇಕು ಅಂತೇನಿಲ್ಲ. ವ್ಯಕ್ತಿ ಏನೋ ಒಂದು ಮುಟ್ತಾರೆ, ಡ್ರಮ್ ಮೇಲೆ ಎರಡು ಸಲ ತಟ್ತಾರೆ ಅನ್ಕೊಳ್ಳಿ. ಥೆರಪಿಸ್ಟ್ ಅದನ್ನೇ ಹಿಡ್ಕೊಂಡು ಅದೇ ವೇಗದಲ್ಲಿ ಅದೇ ಜೋರಲ್ಲಿ ಉತ್ತರ ಕೊಡ್ತಾರೆ. ಮತ್ತೆ ತಟ್ತಾರೆ, ಮತ್ತೆ ಉತ್ತರ. ತನಿ ಆವರ್ತನದಲ್ಲಿ ಮೃದಂಗ ಘಟಂ ಸವಾಲ್ ಜವಾಬ್ ನೋಡಿದೀರಲ್ಲ, ಅದರ ಅತೀ ಸರಳ ರೂಪ. ಇದರೊಳಗೆ ನಡೀತಿರೋದು ಮಾತುಕತೆಯ ಅಸ್ಥಿಪಂಜರ, ನಿನ್ನ ಸರದಿ ನನ್ನ ಸರದಿ, ನೀನು ಮಾಡಿದ್ದು ನನಗೆ ಕೇಳಿಸ್ತು, ಅದಕ್ಕೆ ನಾನು ಹೀಗಂದೆ. ತಿಂಗಳುಗಟ್ಲೆ ಯಾರ ಮುಖನೂ ನೋಡಿ ಮಾತಾಡದೆ ಇರೋರಿಗೆ ಪದಗಳಿಲ್ಲದೆ ಇನ್ನೊಬ್ಬರ ಜೊತೆ ಇರೋ ಅವಕಾಶ ಅದು. ಯಾವ ರಾಗ ಅನ್ನೋದು ಇಲ್ಲಿ ಹೆಚ್ಚು ಕಮ್ಮಿ ಮುಖ್ಯನೇ ಅಲ್ಲ.

ಕೆಲಸ ಮಾಡತ್ತಾ ಅಂದ್ರೆ, ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಒಂದೇ ವಿಷಯದ ಎಲ್ಲ ಪ್ರಯೋಗಗಳನ್ನ ಒಟ್ಟು ಹಾಕಿ ಜರಡಿ ಹಿಡಿಯೋದೇ ಅವರ ಕೆಲಸ. 2017ರಲ್ಲಿ ಸ್ಕಿಜೋಫ್ರೇನಿಯಾದ 18 ಪ್ರಯೋಗ, 1,215 ಜನರ ಲೆಕ್ಕ ನೋಡಿ ಅವ್ರು ಹೇಳಿದ್ದು, ಮಾಮೂಲಿ ಚಿಕಿತ್ಸೆ ಜೊತೆಗೆ ಮ್ಯೂಸಿಕ್ ಥೆರಪಿನೂ ಕೊಟ್ರೆ ಒಟ್ಟಾರೆ ಸ್ಥಿತಿ, ಆ ಮಂಕುತನ, ಜನರ ಜೊತೆ ಬೆರೆಯೋದು ಇವೆಲ್ಲ ಸುಧಾರಿಸೋ ಹಾಗೆ ಕಾಣತ್ತೆ, ಆದ್ರೆ ಎಷ್ಟು ಸೆಶನ್, ಕೊಡೋರು ಎಷ್ಟು ನುರಿತೋರು ಅನ್ನೋದರ ಮೇಲೆ ಫಲ ನಿಂತಿದೆ. ಖಿನ್ನತೆ ಬಗ್ಗೆನೂ ಅದೇ ವರ್ಷ 9 ಪ್ರಯೋಗ, 421 ಜನ, ಅಲ್ಪಾವಧೀಲಿ ಅನುಕೂಲ ಇದೆ ಅಂತ. ಎರಡರಲ್ಲೂ ಜೊತೆಗೆ ಅನ್ನೋ ಪದಕ್ಕೆ ಅಡಿಗೆರೆ ಎಳ್ಕೊಳ್ಳಿ. ಮಾತ್ರೆ ನಿಲ್ಸಿ ಹಾಡು ಕೇಳಿ ಅಂತ ಎಲ್ಲೂ ಹೇಳಿಲ್ಲ, ಯಾರಾದ್ರೂ ಹಾಗಂದ್ರೆ ದಯವಿಟ್ಟು ನಂಬಬೇಡಿ.

ನಮ್ಮ ಬೆಂಗಳೂರಿನ ಅಸೈಲಂ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಯಿಸ್ಕೊಂಡು, 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಸಂಸ್ಥೆ ಬಂದು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲೀಗ ಸಂಗೀತ ಮತ್ತು ಮೆದುಳಿನ ಸಂಬಂಧ ಅಧ್ಯಯನ ಮಾಡೋಕೇ ಒಂದು ಪ್ರಯೋಗಾಲಯ ಇದೆ. ರಾಗ ಕೇಳಿದಾಗ ತಲೇಲಿ ಏನಾಗತ್ತೆ ಅಂತ ಫಾರ್ವರ್ಡ್ ಮಾಡೋ ಬದಲು ಅಳತೆ ಮಾಡಿ ನೋಡೋ ಜಾಗ ನಮ್ಮ ಹೊಸೂರು ರೋಡಲ್ಲೇ ಇದೆ ಅನ್ನೋದು ಸಮಾಧಾನ.

ಪೋಯಿಕ್ ಏನಾಯ್ತು ಅಂತ ಹೇಳ್ಲಿಲ್ಲ ಅಲ್ವಾ. ಬ್ಯಾಂಡ್ ಹೋಯ್ತು, ಜನ ತುಂಬ್ತಾ ಹೋದ್ರು. 1952ರಿಂದ ಅಲ್ಲಿ ಸ್ಯಾಂಡಿಸನ್ ಅನ್ನೋ ಡಾಕ್ಟರು ರೋಗಿಗಳಿಗೆ ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸೋ ಡ್ರಗ್ ಕೊಟ್ಟು ಚಿಕಿತ್ಸೆ ಮಾಡೋಕೆ ಶುರು ಮಾಡಿದ್ರು, ಅದೊಂದು ದೊಡ್ಡ ಕಥೆ. 1968ರಲ್ಲಿ ಟಿವಿಯವ್ರು ಅಲ್ಲಿನ ವಯಸ್ಸಾದ ಹೆಂಗಸರ ವಾರ್ಡ್ ತೋರಿಸಿದಾಗ ದೇಶ ದಂಗಾಗಿತ್ತು, ಒಂದರ ಪಕ್ಕ ಒಂದು ಹಾಸಿಗೆ, ಮರ್ಯಾದೆಗೆ ಒಂದು ಪರದೆನೂ ಇಲ್ಲ. 1989ರಲ್ಲಿ ಮುಚ್ಚಿದ್ರು.

ಎಲ್ಗರ್ ಬರೆದ ಹಾಳೆಗಳು ಮಾತ್ರ ಉಳ್ಕೊಂಡ್ವು, ಈಗ ಅದರ ರೆಕಾರ್ಡಿಂಗ್ ಸಿಗತ್ತೆ. ಗ್ರಾಜುಯೇಶನ್ ಮಾರ್ಚಿನ ಗಾಂಭೀರ್ಯ ಇದರಲ್ಲಿ ಹುಡುಕ್ಬೇಡಿ, ಕಾರ್ನೆಟ್ ಕೀಂ ಅಂತ ಶುರುವಾಗಿ ಹಿಂದೆ ಪಿಟೀಲು ಓಡೋಡಿ ಬರೋ ಪುಟ್ಟ ಪುಟ್ಟ ಪೋಲ್ಕಾಗಳು. ಕೂತ್ಕೊಂಡು ಕೇಳೋಕೆ ಬರ್ದಿದ್ದಲ್ಲ ಅಂತ ಮೊದಲ ಹತ್ತು ಸೆಕೆಂಡಲ್ಲೇ ಕಾಲಿಗೆ ಗೊತ್ತಾಗತ್ತೆ.